ಮೊದಲ ವಿದ್ಯಾರ್ಥಿನಿ

ಹಡಗು ಹತ್ತಿ ಬಂದು ಈ ಊರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವಳು ನಾನು. ತಿಂಗಳಿಡೀ ಗಂಟೆ ಬಾರಿಸಿ, ಖಾಲಿ ಕೋಣೆಯಲ್ಲೇ ಪಾಠ ಹೇಳಿದರೂ ಒಂದು ನರಪಿಳ್ಳೆಯೂ ಇಣುಕಲಿಲ್ಲ. ಆಮೇಲೆ ಫಕೀರವ್ವ ಬಂದಳು, ಅವಳ ಹಿಂದೆ ಇನ್ನಷ್ಟು ಹುಡುಗಿಯರು. "ನನ್ನ ಬೋಧನೆ ಕತ್ತಲೆಯನ್ನು ಸೀಳಿತು" ಎಂದು ನಮ್ಮ ದೇಶದ ಮಿಶನ್ನಿಗೆ ಎಂಟು ಪುಟ ಬರೆದೆ.

ಮೂವತ್ತು ವರ್ಷದ ಬಳಿಕ, ನನ್ನ ಬೀಳ್ಕೊಡುಗೆಯ ದಿನ, ಈಗ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಫಕೀರವ್ವನನ್ನು ಕೇಳಿದೆ: "ಅವತ್ತು ನನ್ನ ಯಾವ ಮಾತು ನಿನ್ನ ಮನಸ್ಸಿಗೆ ನಾಟಿತು?"

"ಖರೇ ಹೇಳ್ಲೇನ್ರಿ ಅಕ್ಕೋರ?"

"ಹೇಳು."

"'ಪಾಪ, ಖಾಲಿ ಕೋಣ್ಯಾಗ ಒಬ್ಬಾಕಿನ ಮಾತಾಡಾಕತ್ತಾಳ. ಹುಚ್ಚು ಹಿಡದೀತು, ಹೋಗಿ ಜೋಡಿ ಕುಂದ್ರು' ಅಂತ ನಮ್ಮವ್ವ ಕಳಿಸಿದ್ಲರಿ."

"ಮತ್ತೆ ಉಳಿದವರು?"

"ನನಗ ಬ್ಯಾಸರಾತು ಅಂದೆ. ಓಣಿಯವ್ರು ಹುಡುಗ್ಯಾರ ಪಾಳಿ ಹಚ್ಚಿದ್ರರಿ."