ಏಳನೇ ಪ್ರಶ್ನೆ

ಹಲಗೆಗೆ ಗುರುತು ಹಾಕಲು ಪೆನ್ಸಿಲ್ ಬೇಕೆಂದು ಮಗಳ ಚೀಲಕ್ಕೆ ಕೈಹಾಕಿದ ಬಡಗಿಗೆ ಮಡಿಸಿಟ್ಟ ಹಾಳೆಯೊಂದು ಸಿಕ್ಕಿತು. ನಲವತ್ತು ಪ್ರಶ್ನೆ, ಒಂದೊಂದರ ಮುಂದೆಯೂ ಕೆಂಪು ಶಾಯಿಯಲ್ಲಿ ಉತ್ತರದ ಅಕ್ಷರ. ಎಂ.ಎಸ್ಸಿ. ಪ್ರವೇಶ ಪರೀಕ್ಷೆ ನಾಳೆ. ಪ್ರಶ್ನೆಪತ್ರಿಕೆ ಆಗಲೇ ಹೊರಬಿದ್ದಿದೆಯಂತೆ ಎಂಬ ಮಾತನ್ನು ಬೆಳಿಗ್ಗೆ ಮರದಂಗಡಿಯಲ್ಲಿ ಕೇಳಿ ಬಂದಿದ್ದ. ಇದು ಅದೇ ಇರಬಹುದೇ?

"ಇದೆಲ್ಲಿಂದ ಬಂತು?" ಒಳಬಂದ ಮಗಳನ್ನು ಕೇಳಿದ.

"ಎರಡು ತಿಂಗಳಲ್ಲಿ ನಾನು ತಪ್ಪು ಮಾಡಿದ ಪ್ರಶ್ನೆಗಳಪ್ಪ. ಕೊನೇ ದಿನ ಹೊಸದೇನೂ ಓದಬಾರದು, ಇವನ್ನಷ್ಟೇ ನೋಡ್ಕೋಬೇಕು."

"ಅದಕ್ಕೇ ಪುಸ್ತಕಾನೆಲ್ಲ ಕಟ್ಟಿಟ್ಟು ಆರಾಮಾಗಿದೀಯಾ? ಮರ ಕೊಯ್ಯೋನು ಅಂತ ಕಿವಿಗೆ ಹೂ ಇಡಬೇಡ."

"ನಂಬದಿದ್ರೆ ಬಿಡು."

ಅವನು ಬಿಡಲಿಲ್ಲ. ಹಲಗೆ ಗಟ್ಟಿಯೋ ಟೊಳ್ಳೋ ಎಂದು ತಟ್ಟಿ ನೋಡದೆ ಕೊಂಡವನೇ ಅಲ್ಲ. ಕದ್ದ ಹಾಳೆಯಾದರೆ ಉತ್ತರವೆಲ್ಲ ಬಾಯಿಪಾಠವಾಗಿರಬೇಕು ಎಂದು ಲೆಕ್ಕ ಹಾಕಿ, ಹಾಳೆಯನ್ನು ಅವಳಿಗೆ ಕಾಣದಂತೆ ಎದೆಗೆ ಹತ್ತಿರ ಹಿಡಿದು, ಏಳನೇ ಪ್ರಶ್ನೆಯನ್ನು ತಡವರಿಸುತ್ತ ಓದಿದ. ತೊಟ್ಟಿಗೆ ಎರಡು ನಲ್ಲಿ. ಒಂದು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ತುಂಬಲು ಎಷ್ಟು ಹೊತ್ತು? ಕೆಳಗಿದ್ದ ಎ, ಬಿ, ಸಿ, ಡಿ ನಾಲ್ಕೂ ಉತ್ತರಗಳನ್ನು ಓದಿ ಹೇಳಿದ.

ಮಗಳು ಕಣ್ಣು ಮುಚ್ಚಿ, ಬೆರಳು ಮಡಚುತ್ತ ಎಣಿಸಿದಳು. "ಬಿ," ಅಂದಳು ಗಟ್ಟಿಯಾಗಿ.

ಕೆಂಪು ಶಾಯಿಯಲ್ಲಿದ್ದದ್ದು ಡಿ.

"ತಪ್ಪು!" ಬಡಗಿಯ ಮುಖ ಊರಗಲವಾಯಿತು. "ತಪ್ಪು ಕಣಮ್ಮ, ಪೂರ್ತಿ ತಪ್ಪು!"

"ಮತ್ತೆ ಅದೇ ತಪ್ಪಾ?" ಮಗಳ ಕಣ್ಣು ತುಂಬಿತು. ಹಾಳೆ ಹಿಡಿದು ಹಲ್ಲು ಬಿಡುತ್ತ ನಿಂತ ಅಪ್ಪನನ್ನು ಅವಳು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದಳು. "ನಿಜ ಹೇಳಪ್ಪ, ನಾನು ಪಾಸಾಗೋದು ನಿಂಗೆ ಬೇಕಾ, ಬೇಡವಾ?"