ಬೆರಳಿಗಿಂತ ಮುಂಚೆ

ಬೆಂಚಿನ ಕೆಳಗೆ ಕೀರ್ತನ್‌ನ ಹೆಬ್ಬೆರಳು ಮೊಬೈಲ್ ಮೇಲೆ ಸಿದ್ಧವಾಗಿತ್ತು. ಒಂದೇ ಸಲ ಒತ್ತಿದ್ದರೆ ಸಾಕಿತ್ತು, ಅವನು ಫೋಟೊದಲ್ಲಿ ಕಪ್ಪು ಕನ್ನಡಕ, ಹುರಿಮೀಸೆ ಅಂಟಿಸಿದ್ದ ಜಯಲತಾ ಟೀಚರ್ ಸ್ಮಾರ್ಟ್‌ಬೋರ್ಡ್ ತುಂಬ ಎಂಟ್ರಿ ಕೊಡುತ್ತಿದ್ದರು. ಅದಕ್ಕೆಂದೇ ಬೆಳಿಗ್ಗೆ ಬೋರ್ಡನ್ನು ತನ್ನ ಮೊಬೈಲಿಗೆ ಜೋಡಿಸಿಟ್ಟಿದ್ದ. ಈಗ ಅದು ಟೀಚರ್ ಬೆರಳಿಗೆ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ.

ಕೊನೆಯ ಬೆಂಚಿನಲ್ಲಿ ಪಾಠ ನೋಡಲು ಕೂತಿದ್ದ ಹೆಡ್‌ಮಾಸ್ಟರ್ ಶಶಿಕಾಂತ್ ಗಡಿಯಾರ ನೋಡಿ ಟೀಚರ್‌ಗೆ ಅಂದರು, "ಬಾಯೀ, ಹೋದ ಎರಡು ಸಲನೂ ನಿಮಗ ಬೋರ್ಡ್ ನಡಸಾಕ ಆಗ್ಲಿಲ್ಲ. ಇವತ್ತೂ ಆಗ್ಲಿಲ್ಲಾಂದ್ರ ಹತ್ತನೇ ಕ್ಲಾಸು ಐರೋಲಿ ಶಾಲೆಯಿಂದ ಬರೋ ಹೊಸ ಸರ್‌ಗೆ ಕೊಡ್ತೀನಿ ನೋಡ್ರಿ."

"ಅರೇ ಹೀರೋ, ಬಟನ್ ದಬಾ ನಾ!" ಬೇಗ ಒತ್ತು ಅಂತ ಪಕ್ಕದಲ್ಲಿದ್ದ ಮಯೂರ್ ಪಿಸುಗುಟ್ಟಿದ.

"ಗಪ್ ಬಸ್ ರೇ, ಸುಮ್ನಿರು. ಇಂಟರ್ವಲ್‌ಗೂ ಮುಂಚೆ ನಾನೇ ವಿಲನ್ ಆಗ್ಬಿಟ್ಟೆ," ಎಂದ ಕೀರ್ತನ್. ಟೀಚರ್ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದ ಪಾಠವನ್ನು ಗಡಿಬಿಡಿಯಲ್ಲಿ ಹುಡುಕಿ ಬೋರ್ಡಿಗೆ ಬಿಟ್ಟ. ಹೃದಯದ ಚಿತ್ರ ಮೂಡಿತು. ಟೀಚರ್ ಬೋರ್ಡ್ ಮುಟ್ಟಿದರು, ಇವನು ಚಿತ್ರ ಸರಿಸಿದ. ಮತ್ತೆ ಮುಟ್ಟಿದರು, ಮತ್ತೆ ಸರಿಸಿದ. ರಕ್ತನಾಳ ಬಂತು, ಕವಾಟವೂ ಬಂತು. ಅಷ್ಟರಲ್ಲಿ ಬೆವರಿದ ಹೆಬ್ಬೆರಳು ತಾನಾಗಿಯೇ ಜಾರಿತು, ಮುಂದಿನ ಚಿತ್ರ ಬಂದೇಬಿಟ್ಟಿತು.

ಹೆಡ್‌ಮಾಸ್ಟರ್ ಎದ್ದು ನಿಂತರು. "ಬಾಯೀ, ನೀವು ಮುಟ್ಟೂದಕ್ಕಿಂತ ಮೊದಲ ಚಿತ್ರ ಬದಲಾತಲ್ರೀ?"

ಟೀಚರ್ ಎತ್ತಿದ ಬೆರಳನ್ನು ನಿಧಾನವಾಗಿ ಇಳಿಸಿದರು.

"ಸ್ಮಾರ್ಟ್‌ಬೋರ್ಡ್ ಅಲ್ವಾ ಸರ್, ಸ್ವಲ್ಪ ಅವಸರ ಜಾಸ್ತಿ," ಎಂದರು. ಅವರು ನೋಡುತ್ತಿದ್ದದ್ದು ಮಾತ್ರ ಕೀರ್ತನ್‌ನ ಬೆಂಚನ್ನು.