ಮೂರನೆಯ ಗುಂಡಿ

"ಮತ್ತೆ ಅಂಟಿಕೊಳ್ತಿದೆ ನೋಡಿ!" ಯಜಮಾನ ಟ್ರಂಪೆಟ್ಟನ್ನು ರಿಪೇರಿಯವನ ಮೇಜಿನ ಮೇಲೆ ಕುಕ್ಕಿದ. "ಇದೇನು ರಿಪೇರಿನಾ, ತಮಾಷೆನಾ?"

ಕಾರ್ಖಾನೆಯ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ ಅವನದು. ತುತ್ತೂರಿ ಯಜಮಾನ ಎಂದೇ ಎಲ್ಲರೂ ಕರೆಯುತ್ತಿದ್ದರು, ಅವನಿಗೂ ಅದರಲ್ಲಿ ಒಳಗೊಳಗೇ ಖುಷಿ. ಈಗ ಆ ಯಜಮಾನಿಕೆಗೇ ಸಂಚಕಾರ ಬಂದಿತ್ತು. ಟ್ರಂಪೆಟ್ಟಿನ ಸ್ವರ ಬದಲಿಸುವ ಮೂರು ವಾಲ್ವ್‌ಗಳಲ್ಲಿ ಎರಡು ಚಿನ್ನದಂಥವು. ಮೂರನೆಯದರ ಗುಂಡಿ ಮಾತ್ರ ಒತ್ತಿದರೆ ಇಳಿಯುತ್ತಿತ್ತು, ಮೇಲೇಳಲು ಸತಾಯಿಸುತ್ತಿತ್ತು. ಒಂದು ಸ್ವರ ಬರಬೇಕಾದ ಕಡೆ ಇನ್ನೊಂದು ಬಂದು ಮಾನ ಕಳೆಯುತ್ತಿತ್ತು.

ರಿಪೇರಿಯವನು ವಾಲ್ವ್ ಬಿಚ್ಚಿದ. ಬೆಳಕಿಗೆ ಹಿಡಿದ. ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಕೂರಿಸಿ ಗುಂಡಿಯನ್ನು ಟಕಟಕ ಒತ್ತಿದ. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು.

"ನನ್ನ ಕೈಲಿ ಚೆನ್ನಾಗೇ ಓಡ್ತಿದೆಯಲ್ಲ ಸಾರ್. ಸ್ಪ್ರಿಂಗು ಹೊಸದು. ಒಳಗೆ ಒಂದು ಗೀರೂ ಇಲ್ಲ."

"ಸಂಜೆ ಓಡುತ್ತೆ ಕಣ್ರೀ. ಬೆಳಿಗ್ಗೆ ಹಠ ಹಿಡಿಯುತ್ತೆ. ಚಳಿಗೆ ಹಿತ್ತಾಳೆ ಬಿಗಿಯುತ್ತೆ ಅನ್ನೋದೂ ಗೊತ್ತಿಲ್ವಾ ನಿಮಗೆ?"

"ಮೂರನೇದಕ್ಕೆ ಮಾತ್ರ ಚಳಿಯಾಗುತ್ತಾ ಸಾರ್?"

ಯಜಮಾನನ ಮೈಯೆಲ್ಲ ಉರಿಯಿತು. ಇಂಥವರ ಹತ್ತಿರ ಏನು ಮಾತು? ಟ್ರಂಪೆಟ್ಟನ್ನು ಪೆಟ್ಟಿಗೆಗೆ ತುರುಕಿಕೊಂಡು ಹೊರಟೇಬಿಟ್ಟ.

ಮನೆಯಲ್ಲೂ ಅವನು ಮಾಡದ ಉಪಚಾರ ಇರಲಿಲ್ಲ. ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದಿದ್ದ, ಸಣ್ಣ ಬ್ರಷ್ಷಿನಲ್ಲಿ ತಿಕ್ಕಿದ್ದ, ಸಿಕ್ಕಸಿಕ್ಕ ಎಣ್ಣೆಯನ್ನೆಲ್ಲ ಕುಡಿಸಿದ್ದ. ದಿನಾ ಬೆಳಿಗ್ಗೆ ಅದರ ಜೊತೆ ಗುದ್ದಾಡಿ ಗುದ್ದಾಡಿ ಅಂಗೈಯೂ ನೋಯತೊಡಗಿತ್ತು. ಹಾಳಾದ ವಾಲ್ವ್ ನನ್ನ ಕೈಯನ್ನೂ ತಿಂದುಹಾಕಿತು ಎಂದು ಶಾಪ ಹಾಕುತ್ತಿದ್ದ.

ಹಾಗಾದರೆ ಇದು ಯಾರ ಕೆಲಸ? ಅನುಮಾನಿಸಲು ದೂರ ಹೋಗಬೇಕಾಗಿರಲಿಲ್ಲ. ಬ್ಯಾಂಡಿನಲ್ಲಿ ಎರಡನೆಯ ಟ್ರಂಪೆಟ್ ಊದುವವನು ಅವನ ಭಾಮೈದನೇ, ಹೆಂಡತಿಯ ಒಡಹುಟ್ಟಿದ ತಮ್ಮ. ವಾಲ್ವ್‌ಗೆ ಒಂದು ತೊಟ್ಟು ಸಕ್ಕರೆ ನೀರು ಬಿಟ್ಟರೂ ಸಾಕು, ಅಂಟು ಗ್ಯಾರಂಟಿ.

"ನಿನ್ನ ತಮ್ಮಂದೇ ಕಿತಾಪತಿ," ಎಂದ ಹೆಂಡತಿಗೆ.

"ರೀ, ಸುಮ್ನಿರಿ. ಅವನಿಗೆ ಊದೋದು ಕಲಿಸಿದ್ದೇ ನೀವು."

"ಅದಕ್ಕೇ ಹೊಟ್ಟೆ ಉರಿಯೋದು! ಕಲಿಸಿದವನ ಕುರ್ಚಿ ಮೇಲೇ ಕಣ್ಣು!"

ಬ್ಯಾಂಡ್ ಮಾಸ್ಟರ್ ಆಗಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕಾರ್ಖಾನೆಯ ವಾರ್ಷಿಕೋತ್ಸವದ ಸೋಲೋವನ್ನು, ಅಂದರೆ ಒಬ್ಬನೇ ಊದುವ ಭಾಗವನ್ನು, ಇಬ್ಬರೂ ಊದಿ ತೋರಿಸಬೇಕು. ತಪ್ಪಿಲ್ಲದೆ ಊದಿದವನಿಗೆ ಸೋಲೋ, ಮೊದಲ ಕುರ್ಚಿಯೂ ಅವನಿಗೇ. ಇಷ್ಟು ವರ್ಷ ಕೂತ ಕುರ್ಚಿಯನ್ನು ಭಾಮೈದನಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂರುವುದೇ? ಅದಕ್ಕಿಂತ ಬ್ಯಾಂಡು ಬಿಡುವುದೇ ವಾಸಿ ಎನ್ನಿಸಿತ್ತು ಯಜಮಾನನಿಗೆ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಅಪಶಕುನ. ಅಂಗಿಯ ಗುಂಡಿ ಕಾಜಾಕ್ಕೆ ತೂರಲೊಲ್ಲದು. ಹೆಂಡತಿ ಬಂದು ಹಾಕಿಕೊಟ್ಟಳು. "ಇದೇನ್ರೀ, ಮಗು ಥರ?"

"ಕಾಜಾ ಚಿಕ್ಕದಾಗಿ ಹೊಲಿದಿದ್ದಾನೆ ಆ ದರ್ಜಿ. ಒಬ್ಬನಿಗಾದ್ರೂ ಕೆಲಸ ನೆಟ್ಟಗೆ ಬರುತ್ತಾ ಈ ಕಾಲದಲ್ಲಿ?"

ಅಭ್ಯಾಸದ ಕೋಣೆಯಲ್ಲಿ ಬ್ಯಾಂಡಿನವರೆಲ್ಲ ಸೇರಿದ್ದರು. ಯಜಮಾನ ಗುಂಡಿ ಒತ್ತಿ ನೋಡಿದ. ಅಂಟಿತು. ಕೊಡವಿದ. ಟಪ್ಪನೆ ಬಿಟ್ಟುಕೊಂಡಿತು. ಭಾಮೈದ ಹತ್ತಿರ ಬಂದ.

"ಭಾವ, ಅಷ್ಟು ಕಾಟ ಕೊಟ್ರೆ ನನ್ನದನ್ನೇ ತಗೊಳ್ಳಿ. ಎರಡೂ ಒಂದೇ ಥರದ್ದಲ್ವಾ?"

"ನಿನ್ನ ಉಪಕಾರ ಬೇಡಪ್ಪ. ಮಾಡಿರೋದೇ ಸಾಕು."

ಭಾಮೈದ ಮುಖ ಸಪ್ಪಗೆ ಮಾಡಿಕೊಂಡು ನೀರು ಕುಡಿಯಲು ಹೊರಗೆ ಹೋದ. ಅವನ ಟ್ರಂಪೆಟ್ ಕುರ್ಚಿಯ ಮೇಲೆಯೇ ಉಳಿಯಿತು. ಯಜಮಾನನ ತಲೆ ಚುರುಕಾಗಿ ಓಡಿತು. ಎರಡನ್ನೂ ಕಾರ್ಖಾನೆ ಒಟ್ಟಿಗೆ ಕೊಂಡದ್ದು. ತುಟಿಗೆ ಇಡುವ ಬಾಯಿತುಂಡು ಮಾತ್ರ ಅವರವರ ಸ್ವಂತದ್ದು. ಸುತ್ತ ನೋಡಿದ, ಎಲ್ಲರೂ ತಮ್ಮ ತಮ್ಮ ವಾದ್ಯದಲ್ಲಿ ಮುಳುಗಿದ್ದರು. ಎರಡರ ಬಾಯಿತುಂಡನ್ನೂ ಕಿತ್ತು ಅದಲುಬದಲು ಮಾಡಿ, ತನ್ನ ಟ್ರಂಪೆಟ್ಟನ್ನು ಭಾಮೈದನ ಕುರ್ಚಿಯ ಮೇಲಿಟ್ಟು, ಅವನದನ್ನು ತಾನು ಎತ್ತಿಕೊಂಡ. ಮಾಡಿದ್ದುಣ್ಣಲಿ ಮಗ, ಎಂದುಕೊಂಡ. ಎಷ್ಟೋ ದಿನಗಳ ಮೇಲೆ ಜೀವಕ್ಕೆ ತಂಪೆನ್ನಿಸಿತು.

ಭಾಮೈದನ ಸರದಿ ಮೊದಲು ಬಂತು. ಏನೂ ಅರಿಯದೆ ಆ ಟ್ರಂಪೆಟ್ಟನ್ನು ತುಟಿಗಿಟ್ಟ. ಯಜಮಾನ ಕಿವಿ ನಿಮಿರಿಸಿ ಕಾದ. ಈಗ ಅಂಟುತ್ತದೆ. ಇಲ್ಲ. ಹೋಗಲಿ, ಸ್ವರಗಳು ಸರಸರನೆ ಓಡುವ ಆ ಓಟದ ಜಾಗದಲ್ಲಿ ಅಂಟೇ ಅಂಟುತ್ತದೆ. ಊಹೂಂ. ಭಾಮೈದ ಕೊನೆಯವರೆಗೂ ನೀರು ಹರಿದ ಹಾಗೆ ಊದಿ ಮುಗಿಸಿದ. ಬ್ಯಾಂಡಿನವರು ಚಪ್ಪಾಳೆ ತಟ್ಟಿದರು.

ಕಳ್ಳ! ಅದಲುಬದಲಾದದ್ದು ಗೊತ್ತಾಗಿ, ತಾನೇ ಹಾಕಿದ ಅಂಟನ್ನು ತಾನೇ ಗುಟ್ಟಾಗಿ ಒರೆಸಿಕೊಂಡಿದ್ದಾನೆ. ಇರಲಿ, ಏನೀಗ? ಚೆನ್ನಾಗಿರುವ ಟ್ರಂಪೆಟ್ ತನ್ನ ಕೈಯಲ್ಲೇ ಇದೆಯಲ್ಲ. ಉಸಿರಿಗೆ ಅವನು ತನಗೆ ಸಾಟಿಯೇ?

ಯಜಮಾನ ಊದಿದ. ಎಂಥ ನಾದ! ಡ್ರಮ್ಮಿನವನು ತಲೆದೂಗಿದ. ಓಟದ ಜಾಗ ಬಂತು. ಬೆರಳುಗಳು ಓಡಿದವು. ಮೂರನೆಯ ಗುಂಡಿ ಇಳಿಯಿತು.

ಇಳಿದದ್ದು ಏಳಲಿಲ್ಲ.

ಸ್ವರ ಅಪಸ್ವರವಾಗಿ ಕಿರುಚಿತು. ಬ್ಯಾಂಡ್ ಮಾಸ್ಟರ್ ತಾಳ ತೋರಿಸುವ ಕಡ್ಡಿ ಕೆಳಗಿಳಿಸಿದರು. "ಇನ್ನೊಂದ್ಸಲ ನೋಡಿ, ಯಜಮಾನ್ರೇ," ಎಂದರು ಮೆಲ್ಲಗೆ. ಇನ್ನೊಂದು ಸಲವೂ ಅದೇ ಜಾಗ, ಅದೇ ಗುಂಡಿ. ಭಾಮೈದ ಅರ್ಧ ಎದ್ದು, "ಭಾವ..." ಎಂದ.

ಯಜಮಾನ ಟ್ರಂಪೆಟ್ಟನ್ನು ತೊಡೆಯ ಮೇಲೆ ಇಳಿಸಿಕೊಂಡ, ಬಲಗೈ ಗುಂಡಿಗಳ ಮೇಲೆ ಹಾಗೆಯೇ ಇತ್ತು. ಎಡಗೈಯಿಂದ, ಮಡಚಿಕೊಂಡೇ ಉಳಿದಿದ್ದ ತನ್ನ ಉಂಗುರಬೆರಳನ್ನು ಹಿಡಿದು ಎತ್ತಿದ. ಅದರ ಕೆಳಗಿನಿಂದ ಗುಂಡಿ ತಾನಾಗಿಯೇ ಚಂಗನೆ ಎದ್ದು ನಿಂತಿತು.